ಟ್ಯಾಂಕಿಗಿಂತ ಮೊದಲು ಪಂಪನ್ನು ಕಾಯಬೇಕು: ಚಳಿಗಾಲದಲ್ಲಿ ಕೆಲಸದ ವ್ಯಾನಿನ ನೀರು

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಸುತ್ತಲಿನ ಹಳ್ಳಿಗಳಲ್ಲಿ ಮನೆ, ಅಂಗಡಿ, ಶಾಲೆಗಳ ಕಿಟಕಿಯ ಗಾಜು ತೊಳೆಯುವುದು ನನ್ನ ಉದ್ಯೋಗ. ಈ ಕೆಲಸಕ್ಕೆ ಈಗ ಏಣಿ ಹತ್ತುವವರು ಕಡಿಮೆ. ನೆಲದ ಮೇಲೆ ನಿಂತುಕೊಂಡೇ, ಕಾರ್ಬನ್ ಫೈಬರಿನ ಉದ್ದನೆಯ ದೋಟಿಯ ತುದಿಯಲ್ಲಿರುವ ಬ್ರಷ್ಷಿಗೆ ಶುದ್ಧೀಕರಿಸಿದ ನೀರನ್ನು ಹಾಯಿಸಿ, ಗಾಜನ್ನು ಉಜ್ಜಿ, ಅದೇ ನೀರಿನಲ್ಲಿ ಜಾಲಿಸಿ, ಒರೆಸದೆ ಹಾಗೆಯೇ ಆರಲು ಬಿಡುವುದು ಇಂದಿನ ಪದ್ಧತಿ. ಈ ಭಾಗದ ನಲ್ಲಿ ನೀರು ಸುಣ್ಣದ ಬಂಡೆಗಳ ಅಂತರ್ಜಲದಿಂದ ಬರುವ ಗಡಸು ನೀರಾದ್ದರಿಂದ, ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 300ಕ್ಕೂ ಹೆಚ್ಚು ತೋರಿಸುವುದು ಸಾಮಾನ್ಯ. ಅದನ್ನೇ ಬಳಸಿದರೆ ಗಾಜಿನ ತುಂಬ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ಆದ್ದರಿಂದ ನೀರು ಮೊದಲು ಫಿಲ್ಟರುಗಳನ್ನು, ಆಮೇಲೆ ನಮ್ಮ ಊರಿನ ಅಡುಗೆಮನೆಗಳಲ್ಲೂ ಪರಿಚಿತವಾಗಿರುವ ಆರ್‌ಓ ಮೆಂಬ್ರೇನನ್ನು, ಕೊನೆಗೆ ಅಳಿದುಳಿದ ಲವಣವನ್ನೂ ಹಿಡಿದಿಟ್ಟುಕೊಳ್ಳುವ ರೆಸಿನ್ ತುಂಬಿದ ಸಿಲಿಂಡರನ್ನು ಹಾದು, ಮೀಟರಿನಲ್ಲಿ ಸೊನ್ನೆ ತೋರಿಸುವಷ್ಟು ಶುದ್ಧವಾಗಿ ಟ್ಯಾಂಕಿಗೆ ಬೀಳಬೇಕು. ಅಲ್ಲಿಂದ 12 ವೋಲ್ಟಿನ ಪುಟ್ಟ ಪಂಪೊಂದು ಅದನ್ನು ರೀಲಿಗೆ ಸುತ್ತಿದ 100 ಮೀಟರ್ ಪೈಪಿನ ಮೂಲಕ ದೋಟಿಗೆ ಕಳಿಸುತ್ತದೆ. ಇಷ್ಟೂ ವ್ಯವಸ್ಥೆ ಒಂದು ತಗಡಿನ ವ್ಯಾನಿನೊಳಗೆ ಕೂತಿರುತ್ತದೆ, ಮತ್ತು ನವೆಂಬರಿನಿಂದ ಮಾರ್ಚ್‌ವರೆಗೆ ಆ ವ್ಯಾನು ರಾತ್ರಿಯಿಡೀ ಮನೆಯ ಹೊರಗೆ ನಿಂತಿರುತ್ತದೆ.

ಈ ಉದ್ಯೋಗಕ್ಕೆ ಹೊಸದಾಗಿ ಬಂದವರು ಚಳಿಗಾಲ ಹತ್ತಿರವಾದಂತೆ ಮೊದಲು ಚಿಂತಿಸುವುದು ಟ್ಯಾಂಕಿನ ಬಗ್ಗೆ. ಕಣ್ಣಿಗೆ ದೊಡ್ಡದಾಗಿ ಕಾಣುವುದು ಅದೇ ಆದ್ದರಿಂದ ಹಣವನ್ನೂ ಶ್ರಮವನ್ನೂ ಅದಕ್ಕೇ ಸುರಿದು, ಅದರ ಸುತ್ತ ದಪ್ಪನೆಯ ಹೊದಿಕೆ ಕಟ್ಟಿ, ಪಂಪನ್ನು ಮಾತ್ರ ಹಿಂಬಾಗಿಲ ಪಕ್ಕದ ತೆರೆದ ಹಲಗೆಯ ಮೇಲೆ ಬಿಟ್ಟಿರುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ತಲೆಕೆಳಗಾದ ಕ್ರಮ, ಮತ್ತು ಏಕೆ ತಲೆಕೆಳಗು ಎಂಬುದನ್ನು ಒಂದಿಷ್ಟು ಲೆಕ್ಕದಿಂದಲೇ ತೋರಿಸಬಹುದು. 350 ಲೀಟರಿನ ಟ್ಯಾಂಕಿನಲ್ಲಿ 6 ಡಿಗ್ರಿಯ ನೀರು ತುಂಬಿದೆ ಎಂದುಕೊಳ್ಳೋಣ. ಅದು ಸೊನ್ನೆ ಡಿಗ್ರಿಗೆ ಇಳಿಯಬೇಕಾದರೆ ಸುಮಾರು ಎರಡೂವರೆ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಕಳೆದುಕೊಳ್ಳಬೇಕು. ಸೊನ್ನೆಗೆ ಇಳಿದ ಮಾತ್ರಕ್ಕೆ ನೀರು ಗಡ್ಡೆಯಾಗುವುದಿಲ್ಲ. ದ್ರವರೂಪದಿಂದ ಘನರೂಪಕ್ಕೆ ತಿರುಗುವಾಗ ಪ್ರತಿ ಕಿಲೋ ನೀರು ಇನ್ನೂ 334 ಕಿಲೋಜೂಲ್ ಶಾಖವನ್ನು ಬಿಟ್ಟುಕೊಡಬೇಕಾಗುತ್ತದೆ, ಅಂದರೆ ಇಡೀ ಟ್ಯಾಂಕು ಗಡ್ಡೆ ಕಟ್ಟಲು ಮತ್ತೆ 32 ಯೂನಿಟ್ಟಿನಷ್ಟು ಶಾಖ ಹೊರಹೋಗಬೇಕು. ದಕ್ಷಿಣ ಇಂಗ್ಲೆಂಡಿನ ಒಂದು ರಾತ್ರಿಯ ಚಳಿಗೆ ಅದು ಸಾಧ್ಯವಾಗುವ ಮಾತಲ್ಲ. ಹೆಚ್ಚೆಂದರೆ ಮೇಲ್ಭಾಗದಲ್ಲಿ ತೆಳುವಾದ ಮಂಜಿನ ಪದರವೊಂದು ಕಟ್ಟೀತು, ಏಕೆಂದರೆ ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದದ್ದು ಹಗುರವಾಗಿ ಮೇಲೆ ಬಂದು, ಪಂಪು ನೀರೆಳೆಯುವ ತಳಭಾಗ ಕೊನೆಯವರೆಗೂ ದ್ರವವಾಗಿಯೇ ಉಳಿಯುತ್ತದೆ. ಪಂಪಿನ ತಲೆಯಲ್ಲಾದರೋ ಒಂದು ಲೋಟದಷ್ಟೂ ನೀರು ಇರುವುದಿಲ್ಲ, ಮತ್ತು ಒಂದು ಲೋಟ ನೀರು ಪೂರ್ತಿ ಗಡ್ಡೆಯಾಗಲು ಯೂನಿಟ್ಟಿನ 50ನೇ ಒಂದು ಭಾಗದಷ್ಟು ಶಾಖ ಹೊರಹೋದರೆ ಸಾಕು. ಸಂಜೆ ಆರಕ್ಕೆ ನಿಲ್ಲಿಸಿದ ವ್ಯಾನಿನಲ್ಲಿ ಊಟದ ಹೊತ್ತಿಗೇ ಆ ಕೆಲಸ ಆರಂಭವಾಗಿರುತ್ತದೆ.

ಇನ್ನೊಂದು ವ್ಯತ್ಯಾಸವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕೆಲವು ಭಾಗಗಳು ಹೆಪ್ಪುಗಟ್ಟಿದರೆ ಒಡೆಯುತ್ತವೆ, ಇನ್ನು ಕೆಲವು ಬರಿದೆ ಕಟ್ಟಿಕೊಂಡು ಬೆಳಗಿನ ಎರಡು ತಾಸು ಹಾಳು ಮಾಡುತ್ತವೆ. ನೀರು ಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ರೀಲಿನ ಮೇಲಿನ ಪೈಪಿನಂತಹ ಬಾಗುವ ವಸ್ತು ಈ ಹಿಗ್ಗುವಿಕೆಯನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. 8 ಮಿಲಿಮೀಟರ್ ಒಳವ್ಯಾಸದ 100 ಮೀಟರ್ ಪೈಪಿನಲ್ಲಿ 5 ಲೀಟರ್ ನೀರು ನಿಂತಿರುತ್ತದೆ. ಅಷ್ಟೂ ಗಡ್ಡೆಯಾದರೂ ಪೈಪು ಸಾಮಾನ್ಯವಾಗಿ ಸೀಳುವುದಿಲ್ಲ, ಕೇವಲ ಕೆಲಸಕ್ಕೆ ಬಾರದಂತಾಗುತ್ತದೆ. ಆದರೆ ಪಂಪಿನ ಪ್ಲಾಸ್ಟಿಕ್ ತಲೆ, ಫಿಲ್ಟರಿನ ಪಾರದರ್ಶಕ ಬಟ್ಟಲು, ಹಿತ್ತಾಳೆಯ ಜೋಡಣೆಗಳು, ತೂತಿರುವ ಗುಂಡನ್ನು ತಿರುಗಿಸಿ ನೀರು ಬಿಡುವ ಬಾಲ್ ವಾಲ್ವ್‌ಗಳು ಇವೆಲ್ಲ ಬಾಗದ ಜಾತಿ. ಅವುಗಳ ಮರೆಯಲ್ಲಿ, ಅದರಲ್ಲೂ ತಿರುಪಿನ ಬುಡದಲ್ಲಿ, ಕೂದಲೆಳೆಯಷ್ಟು ಬಿರುಕು ಬಿದ್ದರೆ ಅದು ಕಾಣಿಸಿಕೊಳ್ಳುವುದು ಗಡ್ಡೆ ಕರಗಿ ಒತ್ತಡ ಏರಿದ ಮೇಲೆಯೇ. ಗಡ್ಡೆ ಕಟ್ಟಿದ ಜಾಗದಲ್ಲೇ ಒಡೆಯಬೇಕೆಂದೂ ಇಲ್ಲ: ಮುಚ್ಚಿದ ವಾಲ್ವಿಗೂ ಬೆಳೆಯುತ್ತಿರುವ ಗಡ್ಡೆಗೂ ನಡುವೆ ಸಿಕ್ಕಿಕೊಂಡ ದ್ರವರೂಪದ ನೀರಿನ ಮೇಲೆ ಅಪಾರ ಒತ್ತಡ ಬಿದ್ದು, ಗಡ್ಡೆಯೇ ಇಲ್ಲದ ಇನ್ನೊಂದು ಮೂಲೆಯ ಜೋಡಣೆ ಸಿಡಿಯುವುದುಂಟು. ಆದ್ದರಿಂದ ಚಳಿಯ ರಾತ್ರಿಗಳಲ್ಲಿ ಯಾವ ವಾಲ್ವನ್ನೂ ಮುಚ್ಚಿ ಬಿಡಬಾರದು. ಟ್ಯಾಂಕಿನ ಕೆಳಗಿನ ಒಂದು ಮಾತ್ರ ಇದಕ್ಕೆ ಅಪವಾದ. ಬಾಲ್ ವಾಲ್ವಿನ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಪೂರ್ತಿ ತೆರೆದರೂ ಪೂರ್ತಿ ಮುಚ್ಚಿದರೂ ಗುಂಡಿನ ಸುತ್ತಲಿನ ಪೊಳ್ಳಿನಲ್ಲಿ ಕೊಂಚ ನೀರು ಸಿಕ್ಕಿಕೊಂಡಿರುತ್ತದೆ, ಮತ್ತು ಆ ಕೊಂಚ ನೀರೇ ವಾಲ್ವಿನ ಹೊರಮೈಯನ್ನು ಸೀಳಲು ಸಾಕಾಗುತ್ತದೆ. ನೀರನ್ನು ಬಸಿದ ಮೇಲೆ ಹಿಡಿಯನ್ನು ಅರ್ಧಕ್ಕೆ, ಅಂದರೆ 45 ಡಿಗ್ರಿ ಕೋನದಲ್ಲಿ ನಿಲ್ಲಿಸಿದರೆ ಆ ಪೊಳ್ಳಿನ ನೀರೂ ಇಳಿದುಹೋಗುತ್ತದೆ.

ಹೀಗಿರುವಾಗ ಕಾಯಬೇಕಾದದ್ದು ಇಡೀ ವ್ಯಾನನ್ನಲ್ಲ, ಸಣ್ಣ ಸಣ್ಣ ಗಟ್ಟಿ ಭಾಗಗಳನ್ನು. ಒಳಹೊದಿಕೆಯಿಲ್ಲದ ಮಧ್ಯಮ ಗಾತ್ರದ ವ್ಯಾನಿನ ಮೈ ಸುಮಾರು 30 ಚದರ ಮೀಟರ್ ಇರುತ್ತದೆ, ಅದೂ ಒಂದೇ ಪದರದ ತಗಡು. ಹೊರಗಿಗಿಂತ ಒಳಗೆ 10 ಡಿಗ್ರಿ ಹೆಚ್ಚು ಇಡಬೇಕೆಂದರೆ ಒಂದೂವರೆ ಕಿಲೋವ್ಯಾಟಿನ ಹೀಟರು ರಾತ್ರಿಯಿಡೀ ಉರಿಯಬೇಕಾಗುತ್ತದೆ. ಇಲ್ಲಿನ ವಿದ್ಯುತ್ ದರದಲ್ಲಿ ಅದು ದಿನದ ಗಳಿಕೆಯನ್ನು ಕಚ್ಚುವ ಖರ್ಚು. ಅದರ ಬದಲು ಪಂಪು, ಫಿಲ್ಟರುಗಳು, ಹರಿವು ನಿಯಂತ್ರಿಸುವ ಕಂಟ್ರೋಲರ್ ಮತ್ತು ಸಾಧ್ಯವಾದಷ್ಟು ಜೋಡಣೆಗಳನ್ನು ಒಂದೇ ಕಡೆಗೆ ತಂದು, ಒಂದು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಪೆಟ್ಟಿಗೆಯೊಳಗೆ ಕೂರಿಸಿದರೆ ಲೆಕ್ಕವೇ ಬದಲಾಗುತ್ತದೆ. ಮನೆ ಕಟ್ಟುವವರು ಗೋಡೆಯೊಳಗೆ ಇಡುವ, ಇಲ್ಲಿ ಎಲ್ಲರೂ ಸೆಲೋಟೆಕ್ಸ್ ಎಂದೇ ಕರೆಯುವ ಗಟ್ಟಿ ಫೋಮಿನ 25 ಮಿಲಿಮೀಟರ್ ಹಲಗೆಗಳಿಂದ ಆ ಪೆಟ್ಟಿಗೆಯ ಆರೂ ಮುಖಗಳನ್ನು ಮುಚ್ಚಿದರೆ, ಹೊರಗಿಗಿಂತ 12 ಡಿಗ್ರಿ ಹೆಚ್ಚಿನ ಉಷ್ಣತೆಯನ್ನು ಉಳಿಸಿಕೊಳ್ಳಲು 30 ವ್ಯಾಟಿನ ಆಸುಪಾಸು ಸಾಕು. ಸಂದುಗೊಂದುಗಳಲ್ಲಿ ಸೋರುವ ಶಾಖವನ್ನೂ ಲೆಕ್ಕಕ್ಕೆ ಹಿಡಿದು 60 ವ್ಯಾಟಿನ ಕೊಳವೆ ಹೀಟರೊಂದನ್ನು, ಅಂದರೆ ತೋಟದ ಗಾಜಿನ ಮನೆಗಳಲ್ಲಿ ಗಿಡಗಳನ್ನು ಕಾಪಾಡಲು ಬಳಸುವಂಥದ್ದನ್ನು, ಪೆಟ್ಟಿಗೆಯ ತಳದಲ್ಲಿ ಇರಿಸಿ ಥರ್ಮೋಸ್ಟ್ಯಾಟನ್ನು 5 ಡಿಗ್ರಿಗೆ ಹೊಂದಿಸಿದರೆ, ಈ ಪ್ರದೇಶದ ಸಾಮಾನ್ಯ ಚಳಿಗಾಲದಲ್ಲಿ ರಾತ್ರಿಯ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೀಟರಿನ ಮೈ ಫೋಮಿಗಾಗಲಿ ಪ್ಲಾಸ್ಟಿಕ್ ಪೈಪಿಗಾಗಲಿ ತಾಗದಂತೆ ಅದಕ್ಕೆ ತಂತಿಯ ಜಾಲರಿ ಹಾಕುವುದು ಅತ್ಯಗತ್ಯ. ಪೆಟ್ಟಿಗೆಯ ತಳಕ್ಕೂ ಹಲಗೆ ಬೇಕು. ವ್ಯಾನಿನ ನೆಲದ ಕೆಳಗೆ ಗಾಳಿಯಾಡುತ್ತದೆ ಎಂಬುದನ್ನು ಮರೆತು ಐದೇ ಮುಖಗಳನ್ನು ಮುಚ್ಚಿದ ಪೆಟ್ಟಿಗೆಗಳನ್ನು ಹಲವು ಕಡೆ ನೋಡಿದ್ದೇನೆ.

ಹೊದಿಕೆಯ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹೊದಿಕೆಯು ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖ ಹೊರಟುಹೋಗುವುದನ್ನು ತಡಮಾಡುತ್ತದೆ, ಅಷ್ಟೇ. ಒಳಗೆ ದೊಡ್ಡ ಟ್ಯಾಂಕು ಇದ್ದರೆ ಆ ತಡವೇ ಬೆಳಗಿನವರೆಗೆ ಸಾಕಾಗಬಹುದು. ಒಳಗಿರುವುದು ಒಂದು ಲೋಟ ನೀರಾದರೆ ಹೊದಿಕೆ ಎಷ್ಟೇ ದಪ್ಪವಿದ್ದರೂ ಹೀಟರಿಲ್ಲದೆ ಬೆಳಗು ಕಾಣುವುದಿಲ್ಲ. ಪಂಪಿಗೆ ಹಳೆಯ ಕಂಬಳಿ ಸುತ್ತಿ ಸಮಾಧಾನಪಟ್ಟುಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ: ಕಂಬಳಿ ನಮ್ಮನ್ನು ಬೆಚ್ಚಗಿಡುವುದು ನಮ್ಮ ಮೈಯೇ ಶಾಖ ಕೊಡುವುದರಿಂದ, ಪಂಪಿಗೆ ಅಂಥ ಮೈಯಿಲ್ಲ. ಇದೇ ಕಾರಣಕ್ಕೆ ಟ್ಯಾಂಕನ್ನು ಬೆಳಿಗ್ಗೆ ತುಂಬಿಸುವುದಕ್ಕಿಂತ ಸಂಜೆಯೇ ತುಂಬಿಸಿಡುವುದು ಮೇಲು. ತುಂಬಿದ ಟ್ಯಾಂಕಿನಲ್ಲಿ ಶಾಖದ ದಾಸ್ತಾನು ಹೆಚ್ಚು, ಜೊತೆಗೆ ನೆಲದಡಿಯ ಕೊಳವೆಯಿಂದ ಬಂದ ನೀರು ವ್ಯಾನಿನ ಗಾಳಿಗಿಂತ ಬೆಚ್ಚಗೆ ಇರುತ್ತದೆ. ಆದರೆ ವಾರಗಟ್ಟಲೆ ರಜೆಯ ಮೇಲೆ ಹೋಗುವವರು ಇದನ್ನು ಪಾಲಿಸದೆ ಟ್ಯಾಂಕನ್ನು ಖಾಲಿ ಮಾಡಿಯೇ ಹೋಗಬೇಕು.

ಶಾಖವನ್ನು ಎಲ್ಲಿಂದ ತರುವುದೆಂಬುದು ಮುಂದಿನ ಪ್ರಶ್ನೆ. ವ್ಯಾನಿನ ಎರಡನೆಯ ಬ್ಯಾಟರಿಯಿಂದ ತರೋಣವೆಂದರೆ, 110 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಇರುವುದೇ ಸುಮಾರು 1.3 ಯೂನಿಟ್, 60 ವ್ಯಾಟಿನ ಹೀಟರು ಬಿಡದೆ ಉರಿದರೆ 12 ಗಂಟೆಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚನ್ನು ನುಂಗಿರುತ್ತದೆ, ಮರುದಿನ ಪಂಪಿಗೆ ಉಳಿಯುವುದು ಅಲ್ಪ. ಮನೆಯಿಂದ ತಂತಿ ಎಳೆಯುವುದೇ ಸರಿಯಾದ ದಾರಿ. ಅದಕ್ಕೆ ಹೊರಾಂಗಣಕ್ಕೆಂದೇ ತಯಾರಿಸಿದ ರಬ್ಬರ್ ಕವಚದ ತಂತಿ ಬೇಕು, ಸೋರಿಕೆಯಾದ ಕ್ಷಣವೇ ವಿದ್ಯುತ್ತನ್ನು ಕಡಿಯುವ ಆರ್‌ಸಿಡಿ ಸಾಕೆಟ್ ಬೇಕು, ಮತ್ತು ತಂತಿಯ ಸುರುಳಿಯನ್ನು ಪೂರ್ತಿ ಬಿಚ್ಚಿರಬೇಕು. ಡ್ರಮ್ಮಿನ ಮೇಲೆ ಸುತ್ತಿಟ್ಟಂತೆಯೇ ದೊಡ್ಡ ಹೀಟರಿಗೆ ಕೊಟ್ಟರೆ ಒಳಸುತ್ತುಗಳ ಕಾವು ಹೊರಹೋಗಲಾರದೆ ಕವಚ ಕರಗಿ ಬೆಂಕಿ ಹತ್ತುವ ಸಂಭವವಿದೆ. ಅಗ್ಗದ ಫ್ಯಾನ್ ಹೀಟರನ್ನು ವ್ಯಾನಿನೊಳಗೆ ರಾತ್ರಿಯಿಡೀ ಒಂಟಿಯಾಗಿ ಬಿಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಬಟ್ಟೆಯ ಚಿಂದಿ, ರಟ್ಟಿನ ಪೆಟ್ಟಿಗೆ, ರಾಸಾಯನಿಕಗಳ ಡಬ್ಬಿ ತುಂಬಿದ ಇಕ್ಕಟ್ಟಿನ ಜಾಗದಲ್ಲಿ ಅದು ಉರುಳಿಬಿದ್ದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಮೀನಿನ ತೊಟ್ಟಿಗೆ ಹಾಕುವ ಗಾಜಿನ ಹೀಟರನ್ನು ಟ್ಯಾಂಕಿನಲ್ಲಿ ಇಳಿಬಿಡುವವರೂ ಇದ್ದಾರೆ, ಅದು ಕೆಲಸ ಮಾಡುತ್ತದೆ ಕೂಡ. ಆದರೆ ನೀರಿನ ಮಟ್ಟ ಅದಕ್ಕಿಂತ ಕೆಳಗಿಳಿದಾಗ ಸ್ವಿಚ್ ಆನ್ ಆಗಿದ್ದರೆ ಗಾಜು ಸಿಡಿಯುತ್ತದೆ, ಚಲಿಸುವ ವ್ಯಾನಿನಲ್ಲಿ ತೆಗೆಯದೆ ಬಿಟ್ಟರೂ ಅದೇ ಗತಿ.

ತಂತಿ ಎಳೆಯಲಾಗದೆ ರಸ್ತೆ ಬದಿಯಲ್ಲಿ ವ್ಯಾನು ನಿಲ್ಲಿಸುವವರಿಗೆ ಡೀಸೆಲ್ ಹೀಟರು ಒಂದು ಉಪಾಯ. ಹೊತ್ತಿಕೊಳ್ಳುವ ಕೆಲವು ನಿಮಿಷಗಳಲ್ಲಿ ಅದು ಸುಮಾರು 10 ಆಂಪಿಯರ್ ಎಳೆದರೂ ಆಮೇಲೆ ಒಂದೆರಡಕ್ಕೆ ಇಳಿಯುತ್ತದೆ, ಹೀಗಾಗಿ ಬ್ಯಾಟರಿಗೆ ದೊಡ್ಡ ಹೊರೆಯಲ್ಲ. ಅದರ ಹೊಗೆಕೊಳವೆ ವ್ಯಾನಿನ ನೆಲವನ್ನು ಕೊರೆದು ಹೊರಗೇ ತೆರೆದುಕೊಳ್ಳಬೇಕು, ಜೋಡಣೆಗಳು ಬಿಗಿಯಾಗಿರಬೇಕು, ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಬಣ್ಣವೂ ವಾಸನೆಯೂ ಇಲ್ಲದ ಆ ಅನಿಲದ ಇರುವಿಕೆ ಮನುಷ್ಯನ ಅರಿವಿಗೆ ಬರುವುದಿಲ್ಲ. ಬೆಚ್ಚಗಿನ ಗಾಳಿಯೊಂದಿಗೆ ತೇವದ ಸಮಸ್ಯೆಯೂ ಬರುತ್ತದೆ. ಟ್ಯಾಂಕಿನ ಮುಚ್ಚಳ ತೆರೆದಿದ್ದರೆ, ಒದ್ದೆ ಬಟ್ಟೆ, ಒದ್ದೆ ಪೈಪುಗಳು ಒಳಗಿದ್ದರೆ, ಆವಿಯೆಲ್ಲ ಚಾವಣಿಯ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟಿ ವಿದ್ಯುತ್ ಜೋಡಣೆಗಳ ಮೇಲೆಯೇ ತೊಟ್ಟಿಕ್ಕುತ್ತದೆ; ಮುಚ್ಚಳವನ್ನು ಬಿಗಿದು ಗಾಳಿಕಿಂಡಿಯೊಂದನ್ನು ತೆರೆದಿಡಬೇಕು.

ಹವಾಮಾನದ ಮುನ್ಸೂಚನೆಯನ್ನು ಓದುವುದರಲ್ಲೂ ಎಚ್ಚರ ಬೇಕು. ದೂರದರ್ಶನದ ನಕ್ಷೆಯಲ್ಲಿ ತೋರಿಸುವ ಕನಿಷ್ಠ ಉಷ್ಣತೆ ಸಾಮಾನ್ಯವಾಗಿ ಪಟ್ಟಣಗಳದ್ದು. ಹೊಲಗಳ ನಡುವಿನ ಹಳ್ಳಿಗಳು, ಅದರಲ್ಲೂ ತಗ್ಗಿನಲ್ಲಿರುವವು, ಅದಕ್ಕಿಂತ ಹಲವು ಡಿಗ್ರಿ ಕೆಳಗಿರಬಹುದು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ವ್ಯಾನಿನ ಚಾವಣಿಯು ತನ್ನ ಶಾಖವನ್ನು ಆಕಾಶಕ್ಕೆ ವಿಕಿರಣವಾಗಿ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆದ್ದರಿಂದಲೇ ಗಾಳಿ 2 ಡಿಗ್ರಿಯಲ್ಲಿದ್ದರೂ ಕಾರುಗಳ ಗಾಜಿನ ಮೇಲೆ ಹಿಮ ಕೂತಿರುತ್ತದೆ. ಮೋಡ ಕವಿದ ರಾತ್ರಿಯ ಸೊನ್ನೆಗೂ ತಿಳಿಯಾದ ರಾತ್ರಿಯ ಸೊನ್ನೆಗೂ ಈ ಕಾರಣಕ್ಕೆ ವ್ಯತ್ಯಾಸವಿದೆ. ಮೇಲೊಂದು ಮಾಡು ಇರುವ ಜಾಗದಲ್ಲಿ, ಪಂಪಿರುವ ಬದಿ ಮನೆಯ ಗೋಡೆಗೆ ಸಮೀಪವಾಗುವಂತೆ ನಿಲ್ಲಿಸಿದರೆ ಖರ್ಚಿಲ್ಲದೆ ಒಂದೆರಡು ಡಿಗ್ರಿ ಉಳಿತಾಯವಾಗುತ್ತದೆ. ಬೀಸುವ ಗಾಳಿಯಿಂದ ನಮಗೆ ಅನ್ನಿಸುವ ಹೆಚ್ಚುವರಿ ಚಳಿ ಮಾತ್ರ ಯಂತ್ರಗಳಿಗೆ ಅನ್ವಯಿಸದು; ಗಾಳಿಯು ವ್ಯಾನನ್ನು ಬೇಗ ತಣಿಸಬಲ್ಲದು, ತನಗಿಂತ ಹೆಚ್ಚು ತಣಿಸಲಾರದು. ಇವೆಲ್ಲದರ ಊಹೆಗಿಂತ ಒಳ್ಳೆಯದು ಅಡುಗೆಮನೆಯಲ್ಲಿ ಕೂತು ಓದಬಹುದಾದ, ತಂತಿಯಿಲ್ಲದ ಥರ್ಮಾಮೀಟರು. ಅದರ ಸಂವೇದಕವನ್ನು ವ್ಯಾನಿನ ಮಧ್ಯದಲ್ಲಿ ನೇತುಹಾಕದೆ ಪಂಪಿನ ಮೈಗೇ ಕಟ್ಟಿ, 3 ಡಿಗ್ರಿಗೆ ಅಲಾರಂ ಇಡಬೇಕು. ಅತಿ ಚಳಿ ಇರುವುದು ಮಧ್ಯರಾತ್ರಿಯಲ್ಲಲ್ಲ, ಸೂರ್ಯೋದಯದ ಆಸುಪಾಸಿನಲ್ಲಿ, ಆದ್ದರಿಂದ ಮಲಗುವ ಮುನ್ನ ಒಮ್ಮೆ ನೋಡಿ ನೆಮ್ಮದಿಗೊಂಡರೆ ಸಾಲದು.

ಮೆಂಬ್ರೇನ್ ಮತ್ತು ರೆಸಿನ್ ಇವೆರಡಕ್ಕೂ ವ್ಯಾನಿನಲ್ಲಿ ಚಳಿಗಾಲ ಕಳೆಯುವ ಹಣೆಬರಹ ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೆಂಬ್ರೇನಿನ ಒಳಗಿನ ಅತಿ ತೆಳುವಾದ ಪೊರೆಯನ್ನು ಮಂಜಿನ ಹರಳುಗಳು ಹರಿದುಬಿಡುತ್ತವೆ. ಹೊರಗಿನ ಕವಚ ಸರಿಯಾಗಿಯೇ ಕಾಣುತ್ತಿರುತ್ತದೆ, ಆದರೆ ಮೀಟರಿನ ಅಂಕಿ ಏರಿರುತ್ತದೆ. ರೆಸಿನ್ನಿನ ಮಣಿಗಳೂ ಹೆಪ್ಪುಗಟ್ಟಿ ಕರಗುವಾಗ ಬಿರಿದು ಪುಡಿಯಾಗುತ್ತವೆ. ನೀರನ್ನು ಬಸಿದು ಒಣಗಿಸಿ ಇಡೋಣವೆಂದರೆ ಒಮ್ಮೆ ನೆನೆದ ಮೆಂಬ್ರೇನ್ ಒಣಗಿದರೂ ಕೆಡುತ್ತದೆ. ಹಾಗಾಗಿ ಶುದ್ಧೀಕರಣದ ಭಾಗವನ್ನು ವ್ಯಾನಿನಿಂದ ಬೇರ್ಪಡಿಸಿ ಗ್ಯಾರೇಜಿನಲ್ಲೋ ಮನೆಯೊಳಗಿನ ಉಗ್ರಾಣದಲ್ಲೋ ಕಾಯಂ ಆಗಿ ಕೂರಿಸಿ, ಅಲ್ಲಿ ಶುದ್ಧವಾದ ನೀರನ್ನು ದೊಡ್ಡ ತೊಟ್ಟಿಯಲ್ಲಿ ಶೇಖರಿಸಿ, ಸಂಜೆ ವ್ಯಾನಿಗೆ ತುಂಬಿಸಿಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಉತ್ತಮ. ವ್ಯಾನಿನಲ್ಲೇ ಇಡಬೇಕಾದವರು ತಟ್ಟನೆ ಬಿಚ್ಚಿಕೊಳ್ಳುವ ಜೋಡಣೆಗಳನ್ನು ಹಾಕಿಸಿ, ಚಳಿಯ ಮುನ್ಸೂಚನೆ ಇದ್ದ ರಾತ್ರಿಗಳಲ್ಲಿ ಅವನ್ನು ನೀರಿನ ಸಮೇತ ಒಳಗೆ ಹೊತ್ತು ತರಬೇಕು. ತಣ್ಣನೆಯ ನೀರು ಮೆಂಬ್ರೇನನ್ನು ಹಾದುಹೋಗುವುದೂ ನಿಧಾನ. ತಯಾರಕರು ನಮೂದಿಸುವ ಪ್ರಮಾಣ 25 ಡಿಗ್ರಿಯ ನೀರಿಗೆ ಸಂಬಂಧಿಸಿದ್ದು, ಅದಕ್ಕಿಂತ ಪ್ರತಿ ಡಿಗ್ರಿ ಇಳಿದಂತೆ ಉತ್ಪಾದನೆ ಸರಿಸುಮಾರು ಶೇಕಡ 3ರಷ್ಟು ಕುಗ್ಗಿ, 5 ಡಿಗ್ರಿಯ ಹೊತ್ತಿಗೆ ಅರ್ಧದಷ್ಟಾಗಿರುತ್ತದೆ. ಬೇಸಿಗೆಯಲ್ಲಿ ಸಂಜೆಯೊಳಗೆ ತುಂಬುತ್ತಿದ್ದ ತೊಟ್ಟಿ ಜನವರಿಯಲ್ಲಿ ರಾತ್ರಿಯೆಲ್ಲ ತುಂಬುತ್ತಿರುತ್ತದೆ, ಮೆಂಬ್ರೇನ್ ಕೆಟ್ಟಿದೆಯೆಂದು ಗಾಬರಿಬಿದ್ದು ಹೊಸದನ್ನು ಕೊಳ್ಳುವ ಅಗತ್ಯವಿಲ್ಲ.

ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಒಮ್ಮೆ ಫೋನಿನಲ್ಲಿ, “ಅಣ್ಣಾ, ಟ್ಯಾಂಕಿಗೆ ಒಂದಿಷ್ಟು ಉಪ್ಪು ಹಾಕಿಬಿಟ್ಟರೆ ನೀರು ಗಡ್ಡೆಯೇ ಆಗುವುದಿಲ್ಲವಲ್ಲ, ಇಷ್ಟೆಲ್ಲ ಯಾಕೆ ಒದ್ದಾಡುತ್ತೀಯ?” ಎಂದು ಕೇಳಿದ. ಆ ನಗರದ ದಾಖಲೆಯ ಕನಿಷ್ಠ ಉಷ್ಣತೆಯೇ 1884ರ ಜನವರಿಯ 7.8 ಡಿಗ್ರಿ, ಆದ್ದರಿಂದ ಇಂಥ ಸಂಕಟ ಅಲ್ಲಿಯವರಿಗೆ ಶಾಲೆಯ ಪುಸ್ತಕದ ಪ್ರಶ್ನೆಯಾಗಿ ಕಾಣುವುದು ಸಹಜವೇ. ಲೆಕ್ಕದ ಮಟ್ಟಿಗೆ ಅವನ ಮಾತು ಸರಿ. 350 ಲೀಟರಿಗೆ 35 ಕಿಲೋ ಉಪ್ಪು ಕರಗಿಸಿದರೆ ಅದು ಹೆಪ್ಪುಗಟ್ಟುವುದು ಮೈನಸ್ 6 ಡಿಗ್ರಿಯ ಹತ್ತಿರ. ಆದರೆ ಲವಣವನ್ನು ತೆಗೆಯಲೆಂದೇ ಇಷ್ಟು ಸಲಕರಣೆ ಹೂಡಿರುವಾಗ, ಮರಳಿ ಅದನ್ನೇ ಸುರಿದ ನೀರಿನಿಂದ ಗಾಜು ತೊಳೆಯುವುದು ಹೇಗೆ? ಹೆಪ್ಪುಗಟ್ಟದಿರಲೆಂದು ಕಾರಿನ ರೇಡಿಯೇಟರಿಗೆ ಹಾಕುವ ದ್ರವಕ್ಕೂ, ಅಮೆರಿಕದಲ್ಲಿ ಕ್ಯಾಂಪರ್ ವಾಹನಗಳ ಕೊಳವೆಗಳಿಗೆ ಹಾಕುವ ಪ್ರೊಪಿಲೀನ್ ಗ್ಲೈಕಾಲಿಗೂ ಇದೇ ಆಕ್ಷೇಪಣೆ: ಅದು ಗಾಜಿನ ಮೇಲೆ ಜಿಡ್ಡಿನ ಪೊರೆಯಾಗಿ ಉಳಿಯುತ್ತದೆ, ಪೈಪಿನಿಂದ ತೊಳೆದು ಹೊರಹಾಕಲು ಶುದ್ಧ ನೀರೂ ಸಮಯವೂ ಬಹಳ ಬೇಕಾಗುತ್ತದೆ. ಕಾರು ತೊಳೆಯುವ, ಕಾರ್ಪೆಟ್ ಶುಚಿ ಮಾಡುವ ವ್ಯಾನುಗಳವರು ಚಳಿಗಾಲವಿಡೀ ಕೆಲಸ ನಿಲ್ಲಿಸುವುದಾದರೆ ಪಂಪಿನಲ್ಲಿ ಗ್ಲೈಕಾಲ್ ತುಂಬಿಡುವುದು ಯುಕ್ತ. ನಿತ್ಯ ಶುದ್ಧ ನೀರಿನಲ್ಲಿ ದುಡಿಯುವವರಿಗೆ ಅದು ಹೊಂದುವುದಿಲ್ಲ. ಶುದ್ಧ ನೀರು ಸಾಮಾನ್ಯ ನೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆಂಬ ಮಾತೂ ನಮ್ಮವರಲ್ಲಿ ಪ್ರಚಲಿತವಿದೆ. 300ರ ಟಿಡಿಎಸ್ ಇರುವ ನೀರಿಗೂ ಸೊನ್ನೆಯ ನೀರಿಗೂ ಹೆಪ್ಪುಗಟ್ಟುವ ಉಷ್ಣತೆಯಲ್ಲಿ ಇರುವ ಅಂತರ ಒಂದು ಡಿಗ್ರಿಯ ನೂರನೇ ಒಂದೆರಡು ಭಾಗ ಮಾತ್ರ, ಅದನ್ನು ಮರೆತುಬಿಡಬಹುದು.

ಹಗಲಿನಲ್ಲಿ ಕೆಲಸ ಮಾಡುವಾಗಲೂ ಗಮನ ಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಹದಿನೈದು ನಿಮಿಷಗಳಲ್ಲಿ ಬ್ರಷ್ಷಿನ ಸೂಜಿರಂಧ್ರಗಳು ಕಟ್ಟಿಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಬ್ರಷ್ಷನ್ನು ಅದ್ದಿಟ್ಟು ಸಾಗುವುದು ರೂಢಿ. ಒಂದರೊಳಗೊಂದು ಸೇರುವ ದೋಟಿಯ ಕೊಳವೆಗಳ ನಡುವೆ ಇಳಿದ ನೀರು ಹೆಪ್ಪುಗಟ್ಟಿದರೆ ಅವು ಅಂಟಿಕೊಂಡು ಎಳೆದರೂ ಬಾರವು, ಆದ್ದರಿಂದ ಸಂಜೆ ಅದರ ಹಿಡಿಕೆಗಳನ್ನೆಲ್ಲ ಸಡಿಲಿಸಿ, ಇಳಿಜಾರಾಗಿ ಒರಗಿಸಿ ನೀರು ಬಸಿಯಲು ಬಿಡಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಪೈಪಿನ ತುದಿಯನ್ನು ಟ್ಯಾಂಕಿನ ಬಾಯಿಗೆ ಸಿಕ್ಕಿಸಿ ಪಂಪನ್ನು ಅತಿ ನಿಧಾನವಾಗಿ ಓಡಿಸಿದರೆ, ಟ್ಯಾಂಕಿನ ಶಾಖವೇ ಪೈಪಿನಲ್ಲೆಲ್ಲ ಸುತ್ತಾಡಿ ಅದನ್ನು ಕಾಪಾಡುತ್ತದೆ. ಇದು ಒಂದು ಗಂಟೆಗೆ ಬಹಳ ಒಳ್ಳೆಯ ಉಪಾಯ, ಇಡೀ ರಾತ್ರಿಗೆ ಅಲ್ಲ. ಅಷ್ಟುದ್ದದ ಪೈಪು ಟ್ಯಾಂಕಿನ ಶಾಖವನ್ನು ಹೊರಚೆಲ್ಲುವ ರೇಡಿಯೇಟರಿನಂತೆ ವರ್ತಿಸುತ್ತದೆ, ಮೇಲಾಗಿ ಪೈಪಿನ ತುದಿ ಕಳಚಿಕೊಂಡರೆ ಟ್ಯಾಂಕಿನ ನೀರೆಲ್ಲ ವ್ಯಾನಿನೊಳಗೇ ಖಾಲಿಯಾಗುತ್ತದೆ. ಕುದಿಯುವಷ್ಟು ಬಿಸಿನೀರನ್ನು ತಣ್ಣನೆಯ ಗಾಜಿಗೆ ಹಾಯಿಸುವುದು ಸಲ್ಲದು, ಗಾಜು ಸೀಳೀತು.

ಗ್ರಾಹಕರ ಮನೆಯ ಮುಂದಿನ ಕಾಲುದಾರಿಯದ್ದು ಇದಕ್ಕಿಂತ ಗಂಭೀರ ವಿಷಯ. ನಾವು ತೊಳೆದ ನೀರು ಕೆಳಗಿಳಿದು ಕಲ್ಲುಹಾಸಿನ ಮೇಲೆ ಕಣ್ಣಿಗೆ ಕಾಣದ ಗಾಜಿನಂಥ ಪದರವಾಗಿ ಹೆಪ್ಪುಗಟ್ಟುತ್ತದೆ, ಮತ್ತು ಬಾಗಿಲು ತೆರೆದು ಹೊರಬರುವವರು ಬಹುಪಾಲು ವಯಸ್ಸಾದವರು. ವ್ಯಾನಿನಲ್ಲಿ ಸದಾ ಒಂದು ಚೀಲ ರಸ್ತೆ ಉಪ್ಪು ಇಟ್ಟುಕೊಂಡು, ಹೊರಡುವ ಮುನ್ನ ಎರಚುತ್ತೇನೆ. ಉಷ್ಣತೆ ಹಗಲಿಡೀ ಸೊನ್ನೆಯ ಕೆಳಗೇ ಇರುವ ದಿನ ಮನೆಗಳ ಕೆಲಸವನ್ನೇ ಮುಂದೂಡುತ್ತೇನೆ. ವಿಮೆ ಇದೆ ಎಂಬ ಧೈರ್ಯದ ಮೇಲೆ ಇನ್ನೊಬ್ಬರ ಸೊಂಟದ ಮೂಳೆಯನ್ನು ಪಣಕ್ಕೆ ಒಡ್ಡುವುದು ನನಗೆ ಒಪ್ಪಿತವಲ್ಲ.

ಬ್ಯಾಟರಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಸೀಸದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಬರಿದಾಗಿದ್ದರೆ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯಬಹುದು. ಲಿಥಿಯಂ ಬ್ಯಾಟರಿ ಇರುವವರು ಅದರ ಉಷ್ಣತೆ ಸೊನ್ನೆಗಿಂತ ಕೆಳಗಿರುವಾಗ ಚಾರ್ಜ್ ಮಾಡಬಾರದು. ಅದನ್ನೂ ಪಂಪಿನ ಪೆಟ್ಟಿಗೆಯ ಪಕ್ಕದಲ್ಲೇ ಬೆಚ್ಚಗೆ ಕೂರಿಸುವುದು ಜಾಣತನ.

ನಾನು ಹೇಳುತ್ತಿರುವುದೆಲ್ಲ ರಾತ್ರಿಯ ಉಷ್ಣತೆ ಮೈನಸ್ 5, ಅಪರೂಪಕ್ಕೆ ಮೈನಸ್ 8ಕ್ಕೆ ಇಳಿಯುವ ಸೀಮೆಗೆ ಅನ್ವಯಿಸುವ ಮಾತು. 2010ರ ಡಿಸೆಂಬರಿನಂಥ ತಿಂಗಳು ಬಂದರೆ, ಅಂದರೆ 1910ರಿಂದ ಇರುವ ದಾಖಲೆಗಳಲ್ಲೇ ಬ್ರಿಟನ್ನಿನ ಅತಿ ಚಳಿಯ ಡಿಸೆಂಬರ್ ಮರುಕಳಿಸಿದರೆ, 60 ವ್ಯಾಟಿನ ಹೀಟರನ್ನೇ ನಂಬಿ ಕೂರುವಂತಿಲ್ಲ. ಮೈನಸ್ 27.2 ಡಿಗ್ರಿಯವರೆಗೆ ಇಳಿದ ದಾಖಲೆಯಿರುವ ಸ್ಕಾಟ್ಲೆಂಡಿನ ಕಣಿವೆಗಳಲ್ಲೋ, ಚಳಿಗಾಲವಿಡೀ ಸೊನ್ನೆಯ ಮುಖ ಕಾಣದ ಕೆನಡಾದ ಊರುಗಳಲ್ಲೋ ಇಂಥ ವ್ಯಾನು ನಡೆಸುವ ಕನ್ನಡಿಗರಿದ್ದರೆ ಅವರಿಗೆ ಉಳಿಯುವುದು ಎರಡೇ ದಾರಿ: ಬೆಚ್ಚಗಿನ ಕಟ್ಟಡದೊಳಗೆ ವ್ಯಾನನ್ನು ನಿಲ್ಲಿಸುವುದು, ಇಲ್ಲವೇ ಪ್ರತಿ ಸಂಜೆ ಕೊನೆಯ ಹನಿಯವರೆಗೆ ಬಸಿಯುವುದು. ಬಸಿಯುವಾಗ ಟ್ಯಾಂಕಿನ ವಾಲ್ವನ್ನು ಮುಚ್ಚಿ, ಪಂಪಿನ ಎರಡೂ ಬದಿಯ ಪೈಪುಗಳನ್ನು ಬಿಚ್ಚಿ, ಪಂಪನ್ನು ಕೆಲವು ಸೆಕೆಂಡು ಒಣದಾಗಿ ಓಡಿಸಬೇಕು. ಡಯಾಫ್ರಮ್ ಮಾದರಿಯ, ಅಂದರೆ ಬಾಗುವ ಪೊರೆಯೊಂದರ ಚಲನೆಯಿಂದ ನೀರೆಳೆಯುವ ಪಂಪುಗಳಿಗೆ ಅಷ್ಟರಿಂದ ಹಾನಿಯಿಲ್ಲ.

ಇಷ್ಟಾದರೂ ಒಂದು ಬೆಳಿಗ್ಗೆ ನೀರು ಬಾರದಿದ್ದರೆ ಮೊದಲು ಮಾಡಬೇಕಾದದ್ದು ಪಂಪಿನ ಸ್ವಿಚ್ಚನ್ನು ಮುಟ್ಟದಿರುವುದು. ಒಳಗೆ ಗಡ್ಡೆಯಿರುವಾಗ ಓಡಿಸಿದರೆ ಮೋಟಾರು ತಿರುಗಲಾರದೆ ವಿಪರೀತ ವಿದ್ಯುತ್ ಎಳೆದು, ಫ್ಯೂಸು ಹೋದರೆ ಅದೃಷ್ಟ, ಇಲ್ಲವಾದರೆ ಡಯಾಫ್ರಮ್ ಹರಿದಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಂಪಿನ ತಲೆಗೆ ಸುತ್ತಿ, ಕಾಲು ಗಂಟೆಗೊಮ್ಮೆ ಬದಲಿಸಬೇಕು. ಕೂದಲು ಒಣಗಿಸುವ ಡ್ರೈಯರನ್ನೂ ದೂರದಿಂದ ಹಿಡಿಯಬಹುದು. ಕುದಿಯುವ ನೀರು ಸುರಿದರೆ ತಣ್ಣನೆಯ ಪ್ಲಾಸ್ಟಿಕ್ ಬಿರಿಯುತ್ತದೆ, ಬೆಂಕಿಯ ಜ್ವಾಲೆಯ ಮಾತಂತೂ ಬೇಡವೇ ಬೇಡ. ಕರಗಿದ ಮೇಲೆ ಕಂಟ್ರೋಲರನ್ನು ಅತಿ ಕಡಿಮೆ ಹರಿವಿಗೆ ಇಟ್ಟು, ಪೈಪಿನ ತುದಿ ತೆರೆದಂತೆಯೇ ಪಂಪನ್ನು ಓಡಿಸಿ, ಟಾರ್ಚ್ ಹಿಡಿದು ಒಂದೊಂದು ಜೋಡಣೆಯ ಕೆಳಗೂ ಒಣ ಕಾಗದವನ್ನು ಒತ್ತಿ ನೋಡಬೇಕು. ಎಲ್ಲೂ ಒದ್ದೆಯಾಗಲಿಲ್ಲವೆಂದು ಖಚಿತವಾದ ಬಳಿಕ ತುದಿಯನ್ನು ಮುಚ್ಚಿ ಪೂರ್ಣ ಒತ್ತಡದಲ್ಲಿ ಮತ್ತೊಮ್ಮೆ ಅದೇ ಪರೀಕ್ಷೆ ನಡೆಸಿ, ಆಮೇಲೆಯೇ ಆ ದಿನದ ಮೊದಲ ಗ್ರಾಹಕರಿಗೆ ತಡವಾಗಿ ಬರುತ್ತೇನೆಂದು ಫೋನ್ ಮಾಡಬೇಕೇ, ಬರುವುದೇ ಇಲ್ಲವೆಂದು ಮಾಡಬೇಕೇ ಎಂಬುದನ್ನು ನಿರ್ಧರಿಸಬಹುದು.